ಪುಷ್ಪಳ ಅಕ್ಕ

ಆಶಾರಾಣಿ ಹುಡುಕಿಕೊಂಡು ಬಂದ ದಿನ ವರಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ಬಂಗಾರಪೇಟೆಯಿಂದ ಮೂರು ಮೈಲಿ ಒಳಗಿನ ಹಳ್ಳಿ ಅದು. ಬೆಳಗಿನ ಹಾಲು ಡೈರಿಗೆ ಹಾಕಲು ಹೋದ ಮಗ ಸುಧಾಕರ್ ಇನ್ನೂ ವಾಪಸು ಬಂದಿರಲಿಲ್ಲ. ಬೆನ್ನಿಗೆ ಚೀಲ ಏರಿಸಿಕೊಂಡ, ಇಪ್ಪತ್ತೈದು ಇಪ್ಪತ್ತಾರರ ಹುಡುಗಿಯೊಬ್ಬಳು ಬೇಲಿಯ ಹತ್ತಿರ ನಿಂತು, ಚಾಂಪಿಯನ್ ರೀಫ್ಸ್‌ನಲ್ಲಿ ಅಂಗನವಾಡಿ ನಡೆಸುತ್ತಿದ್ದ ಟೀಚರ ಮನೆ ಇದೇನಾ ಎಂದು ಕೇಳಿದಳು.

"ನಾನೇ ಕಣಮ್ಮ," ಎಂದರು ವರಲಕ್ಷ್ಮಮ್ಮ. "ರಿಟೈರಾಗಿ ಎರಡು ವರ್ಸ ಆತು. ಇನ್ನೂ ಯಾವುದಾನ ರಿಜಿಸ್ಟರು ಬರೆಯೋದು ಐತಾ?"

ಆಶಾರಾಣಿ ನಕ್ಕಳು. ಅವಳು ಇಲಾಖೆಯವಳಲ್ಲ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ಸರ್ಕಾರ ಇಷ್ಟು ವರ್ಷದಿಂದ ಊರೂರಿಗೆ ಅಂಗನವಾಡಿ ನಡೆಸಿಕೊಂಡು ಬಂದಿದೆ. ಆದರೆ ಅಲ್ಲಿ ಮೂರು ವರ್ಷದವರಾಗಿ ಕೂತಿದ್ದ ಮಕ್ಕಳು ಮೂವತ್ತರ ಹತ್ತಿರ ಬಂದಾಗ ಏನಾಗಿದ್ದಾರೆ ಎಂದು ಯಾರೂ ಹೋಗಿ ನೋಡಿಲ್ಲ. ಅದನ್ನು ನೋಡಬೇಕು. ಹೋದವರನ್ನೂ ನೋಡಬೇಕು, ಅದೇ ಮನೆಯಲ್ಲಿ ಅಂಗನವಾಡಿಗೆ ಹೋಗದೆ ಉಳಿದ ಅಕ್ಕ, ಅಣ್ಣ, ತಮ್ಮಂದಿರನ್ನೂ ನೋಡಬೇಕು. ಒಂದೇ ತಾಯಿ, ಒಂದೇ ಮನೆ, ಒಂದೇ ಊಟ. ವ್ಯತ್ಯಾಸ ಅಂಗನವಾಡಿಯದು ಮಾತ್ರ. ಆಗ ಅದರಿಂದ ಏನು ಆಯಿತು, ಏನು ಆಗಲಿಲ್ಲ ಎಂಬುದು ತಿಳಿಯುತ್ತದೆ ಎಂದು ಅವಳ ಪ್ರೊಫೆಸರ್ ಹೇಳಿದ್ದರು. ಆದರೆ ಆ ಕಾಲದ ಹಾಜರಿ ಪುಸ್ತಕಗಳನ್ನು ಗೆದ್ದಲು ತಿಂದುಹಾಕಿತ್ತು.

ವರಲಕ್ಷ್ಮಮ್ಮ ಕೈ ತೊಳೆದುಕೊಂಡು ಒಳಗೆ ಹೋಗಿ ಟ್ರಂಕಿನಿಂದ ಒಂದು ಉದ್ದದ ನೋಟ್‌ಬುಕ್ ತಂದರು. ತೊಂಬತ್ತೊಂಬತ್ತರಿಂದ ಮೂರು ವರ್ಷ ಅವರ ಕೇಂದ್ರಕ್ಕೆ ಬಂದ ಅರವತ್ತೆರಡು ಮಕ್ಕಳ ಹೆಸರು, ತಂದೆಯ ಹೆಸರು, ಮನೆ ನಂಬರು ಎಲ್ಲ ಅದರಲ್ಲಿದ್ದವು. ಅದು ಸರ್ಕಾರಕ್ಕೆ ಕೊಡುವ ಪುಸ್ತಕವಲ್ಲ, ತಮ್ಮ ನೆನಪಿಗೆ ತಾವೇ ಬರೆದಿಟ್ಟುಕೊಂಡಿದ್ದು. ಪ್ರತಿ ಹೆಸರಿನ ಮುಂದೆ ಒಂದೆರಡು ಮಾತಿತ್ತು: ಮಣ್ಣು ತಿಂತಾನೆ. ಎಡಗೈ. ನಿದ್ದೆ ಜಾಸ್ತಿ. ಅಪ್ಪ ಕುಡೀತಾನೆ, ಊಟ ಎರಡು ಸಲ ಹಾಕಬೇಕು.

ಆಶಾರಾಣಿ ಆ ಪುಟಗಳನ್ನು ಒಂದೊಂದಾಗಿ ಓದಿದಳು. ಆಮೇಲೆ, "ಅಮ್ಮ, ನೀವೂ ನನ್ನ ಜೊತೆ ಬರ್ತೀರಾ? ನಾನೊಬ್ಬಳೇ ಹೋದರೆ ಯಾರೂ ಬಾಗಿಲು ತೆಗೆಯೋಲ್ಲ," ಎಂದಳು.

"ಅದಕ್ಕೇನು, ಬತ್ತೀನಿ. ಮನೇಲಿ ಕುಂತು ನಾನೇನ್ ಮಾಡ್ಲಿ?" ಎಂದರು ವರಲಕ್ಷ್ಮಮ್ಮ.

ಮಾರನೆಯ ದಿನದಿಂದಲೇ ಇಬ್ಬರೂ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿ ಚಾಂಪಿಯನ್ ನಿಲ್ದಾಣದಲ್ಲಿ ಇಳಿಯತೊಡಗಿದರು. ವರಲಕ್ಷ್ಮಮ್ಮನಿಗೆ ಅದು ಇಪ್ಪತ್ನಾಲ್ಕು ವರ್ಷ ನಡೆದ ದಾರಿ. ಕೇಂದ್ರ ಶುರುವಾದಾಗ ಹತ್ತನೆಯ ತರಗತಿ ಪಾಸಾದ, ಕನ್ನಡ ಓದಲು ಬರೆಯಲು ಬರುವ ಹೆಂಗಸು ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಆ ಲೈನಿನಲ್ಲಿ ಯಾರೂ ಸಿಕ್ಕಿರಲಿಲ್ಲ. ಹಾಗಾಗಿ ಹಳ್ಳಿಯಿಂದ ಇವರು ಬಂದರು. ಮನೆಗಳಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ. ಮೊದಲ ಆರು ತಿಂಗಳು ಮಕ್ಕಳಿಗೆ ಇವರ ಮಾತು ಅರ್ಥವಾಗುತ್ತಿರಲಿಲ್ಲ, ಇವರಿಗೆ ಮಕ್ಕಳ ಮಾತು ಅರ್ಥವಾಗುತ್ತಿರಲಿಲ್ಲ. "ತಣ್ಣಿ" ಎಂದರೆ ನೀರು ಎಂಬುದನ್ನು ಕಲಿಸಿದ್ದು ಮೂರು ವರ್ಷದ ಒಬ್ಬ ಹುಡುಗ. ಗಣಿ ಮುಚ್ಚಿದ ಮೇಲೂ ಆ ಕೇಂದ್ರ ಮುಚ್ಚಲಿಲ್ಲ. ಗಂಡಸರು ಕೆಲಸ ಹುಡುಕಿಕೊಂಡು ಬೆಂಗಳೂರಿನ ಬೆಳಗಿನ ಗಾಡಿ ಹತ್ತಿದರು, ಹೆಂಗಸರೂ ಹತ್ತಿದರು, ಮಕ್ಕಳು ಇವರ ಹತ್ತಿರ ಉಳಿದರು.

ಮೊದಲ ನಾಲ್ಕು ದಿನದಲ್ಲಿ ಹತ್ತೊಂಬತ್ತು ಮನೆ ಮುಗಿದವು. ಆಶಾರಾಣಿ ಟ್ಯಾಬ್ಲೆಟ್ ಹಿಡಿದು ಪ್ರಶ್ನೆ ಕೇಳುತ್ತಿದ್ದಳು: ಎಷ್ಟು ಓದಿದ್ದೀರಿ, ಏನು ಕೆಲಸ, ಮದುವೆ ಯಾವ ವಯಸ್ಸಿಗೆ, ಮಕ್ಕಳಿಗೆ ಲಸಿಕೆ ಹಾಕಿಸಿದ್ದೀರಾ, ಮೇಲಿಂದ ಮೇಲೆ ಕಾಯಿಲೆ ಬೀಳುತ್ತೀರಾ. ಉತ್ತರ ಕೊಡುವವರು ಮಾತ್ರ ಟೀಚರ ಮುಖ ನೋಡಿಕೊಂಡೇ ಉತ್ತರ ಕೊಡುತ್ತಿದ್ದರು, ತಪ್ಪು ಹೇಳಿದರೆ ಇವರು ತಿದ್ದುತ್ತಾರೆ ಎಂಬಂತೆ. ಆಟೋ ಓಡಿಸುವ ವಿಜಯಕುಮಾರ್ ಸಹಿ ಮಾಡುವಾಗ ಪೆನ್ನನ್ನು ಎಡಗೈಗೆ ತೆಗೆದುಕೊಂಡು, "ನಮ್ಮಮ್ಮ ಈ ಕೈ ಕಟ್ಟಿ ಕಳಿಸ್ತಿದ್ರು. ನಾನು ಬಂದ ತಕ್ಷಣ ಟೀಚರ್ ಬಿಚ್ಚೋರು," ಎಂದು ಆಶಾರಾಣಿಗೆ ಹೇಳಿದ. ವರಲಕ್ಷ್ಮಮ್ಮನಿಗೆ ಅದು ನೆನಪಿರಲಿಲ್ಲ. ಮಕ್ಕಳಿಗೆ ನೆನಪಿದ್ದುದು ಒಂದು, ಇವರಿಗೆ ನೆನಪಿದ್ದುದು ಇನ್ನೊಂದು. ಯಾರೂ ದೊಡ್ಡ ಅಧಿಕಾರಿಗಳಾಗಿರಲಿಲ್ಲ. ಒಬ್ಬಳು ನರ್ಸ್, ಒಬ್ಬ ವೆಲ್ಡರ್, ಇಬ್ಬರು ಗಾರ್ಮೆಂಟ್ಸ್‌ನಲ್ಲಿ, ಒಬ್ಬ ಪೊಲೀಸ್ ಕಾನ್‌ಸ್ಟೇಬಲ್. ಹೆಚ್ಚಿನವರು ಹತ್ತನೆಯ ತರಗತಿ ದಾಟಿದ್ದರು. ಅವರ ಅಣ್ಣ ಅಕ್ಕಂದಿರು ಅಷ್ಟು ಓದಿರಲಿಲ್ಲ.

"ನಮ್ಮ ಸರ್ ಅಂದುಕೊಂಡ ಹಾಗೇ ಬರ್ತಾ ಇದೆ," ಎಂದಳು ಆಶಾರಾಣಿ ಖುಷಿಯಿಂದ.

ವರಲಕ್ಷ್ಮಮ್ಮನಿಗೂ ಖುಷಿಯೇ. ಅವರ ಕೆಲಸವನ್ನು ಉಪ್ಪಿಟ್ಟು ಹಂಚುವ ಕೆಲಸ ಎಂದು ನಕ್ಕವರನ್ನು ಅವರು ಬಹಳ ಕಂಡಿದ್ದರು. ಆದರೆ ನೋಟ್‌ಬುಕ್ಕಿನ ಮೂರನೆಯ ಪುಟಕ್ಕೆ ಬಂದಾಗಲೆಲ್ಲ ಅವರು, "ಇದು ಆಮೇಲೆ ನೋಡಾಣ," ಎಂದು ಮಗುಚಿಬಿಡುತ್ತಿದ್ದರು. ಐದನೆಯ ದಿನ ಗಾಡಿಯಲ್ಲಿ ಕೂತಾಗ ಆಶಾರಾಣಿ ಆ ಪುಟದ ಮೇಲೆ ಬೆರಳಿಟ್ಟು ಓದಿದಳು. ಪುಷ್ಪ, ತಂದೆ ಪೆರುಮಾಳ್. ಅದರ ಮುಂದೆ ಬರೆದಿದ್ದುದು ಮಗುವಿನ ಬಗ್ಗೆ ಅಲ್ಲ. 'ಅಕ್ಕ ಬರ್ತಾಳೆ' ಎಂದಿತ್ತು.

"ಈ ಮನೆ ಯಾಕೆ ಬಿಡ್ತಾ ಇದ್ದೀರಾ ಅಮ್ಮ?"

ವರಲಕ್ಷ್ಮಮ್ಮ ನೋಟ್‌ಬುಕ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹೇಳಿದರು.

ಪೆರುಮಾಳ್ ಗಣಿಗೆ ಇಳಿಯುತ್ತಿದ್ದ. ಅವನ ಹೆಂಡತಿ ಬೆಳಗಿನ ಗಾಡಿಗೆ ಬಂಗಾರಪೇಟೆಯ ಅಕ್ಕಿ ಗಿರಣಿಗೆ ಹೋಗುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವರು ಇಬ್ಬರು ಹೆಣ್ಣುಮಕ್ಕಳು: ಎಂಟು ವರ್ಷದ ಕನಕಮ್ಮ, ಮೂರು ವರ್ಷದ ಪುಷ್ಪ. ಪುಷ್ಪ ಹುಟ್ಟಿದಾಗಿನಿಂದ ಕನಕಳ ಸೊಂಟದ ಮೇಲೆಯೇ ಬೆಳೆದವಳು. ಕನಕ ಶಾಲೆಯ ಮುಖ ನೋಡಿದ್ದು ಒಂದನೆಯ ತರಗತಿಯಲ್ಲಿ ಎರಡು ತಿಂಗಳು, ಅಷ್ಟೇ. ಕೇಂದ್ರ ಶುರುವಾದಾಗ ಪುಷ್ಪಳನ್ನು ಸೇರಿಸಿದ್ದೂ ಅವಳೇ, ದಿನಾ ಎತ್ತಿಕೊಂಡು ಬರುತ್ತಿದ್ದವಳೂ ಅವಳೇ. ಬಂದವಳು ವಾಪಸು ಹೋಗುತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತುಬಿಡುತ್ತಿದ್ದಳು. ಒಳಗೆ ಹಾಡು ಹೇಳಿಸಿದರೆ ತಾನೂ ಹೇಳುವಳು. ಬಣ್ಣದ ಮಣಿ ಎಣಿಸಲು ಕೊಟ್ಟರೆ ದೂರದಿಂದಲೇ ಎಣಿಸುವಳು. ಸಹಾಯಕಿಯ ಹುದ್ದೆ ಆಗ ಖಾಲಿ ಇತ್ತು. ಕನಕ ತಟ್ಟೆ ಹಾಕುವಳು, ಚಿಕ್ಕವರ ಮೂಗು ಒರೆಸುವಳು. ವರಲಕ್ಷ್ಮಮ್ಮ ಅವಳಿಗೂ ಒಂದು ತಟ್ಟೆ ಉಪ್ಪಿಟ್ಟು ಹಾಕುತ್ತಿದ್ದರು.

ಎರಡು ತಿಂಗಳು ಹೀಗೆ ನಡೆಯಿತು. ಒಂದು ದಿನ ಮೇಲ್ವಿಚಾರಕಿ ಬಂದಳು. ಹಾಜರಿಯಲ್ಲಿ ಮೂವತ್ತಮೂರು, ತಟ್ಟೆ ಮೂವತ್ನಾಲ್ಕು. ಆರು ವರ್ಷ ದಾಟಿದ ಮಗುವನ್ನು ಕೂರಿಸಿಕೊಂಡು ಕೆಲಸ ಮಾಡಿಸುತ್ತೀರಾ ಎಂದು ಎಲ್ಲರ ಮುಂದೆ ಬೈದಳು. ವರಲಕ್ಷ್ಮಮ್ಮ ಕೆಲಸಕ್ಕೆ ಸೇರಿ ಆಗಿನ್ನೂ ವರ್ಷವೂ ಆಗಿರಲಿಲ್ಲ. ಹೆದರಿದರು. ಆ ಸಂಜೆ ಕನಕಳನ್ನು ಕರೆದು, ನಾಳೆಯಿಂದ ತಂಗಿಯನ್ನು ಬಿಟ್ಟು ಹೋಗಬೇಕು, ಇಲ್ಲಿ ಕೂರುವ ಹಾಗಿಲ್ಲ, ಬಾಗಿಲು ಮುಚ್ಚುವ ಹೊತ್ತಿಗೆ ಬಂದರೆ ಸಾಕು ಎಂದರು. ಮಾರನೆಯ ದಿನ ಬಾಗಿಲ ಕೆಳಗಿನ ಅರ್ಧಕ್ಕೆ ಚಿಲಕ ಹಾಕಿದರು. ಕನಕ ಮಧ್ಯಾಹ್ನದವರೆಗೂ ಕಿಟಕಿಯ ಹತ್ತಿರ ನಿಂತಿದ್ದಳು. ಇವರು ಆ ಕಡೆ ತಿರುಗಿ ನೋಡಲಿಲ್ಲ.

"ಸ್ಕೂಲು ಎರಡು ಲೈನ್ ಆಚೆ ಇತ್ತು ಕಣಮ್ಮ," ಎಂದರು ವರಲಕ್ಷ್ಮಮ್ಮ. "ಆ ಮಗೀನ ಕೈ ಇಡ್ಕಂಡು ಹತ್ತು ನಿಮಿಷ ನಡೆದಿದ್ರೆ ಸೇರಿಸಿ ಬರಬೌದಾಗಿತ್ತು. ಮಾಡ್ಲಿಲ್ಲ. ಬಾಗ್ಲು ಆಕ್ದೆ, ಅಷ್ಟೇ. ಆಮೇಲೆ ಗಣಿ ಮುಚ್ತು, ಅವರು ಮನೆ ಖಾಲಿ ಮಾಡ್ಕಂಡು ಓದ್ರು. ಆ ಎಣ್ಣು ಏನಾದ್ಲೋ."

ಆದರೆ ಆಶಾರಾಣಿಯ ಪಟ್ಟಿಯಿಂದ ಒಂದು ಮನೆಯನ್ನು ಬಿಡುವ ಹಾಗಿರಲಿಲ್ಲ. ವಿಜಯಕುಮಾರ್‌ಗೆ ಫೋನ್ ಮಾಡಿದಳು. ಅವನು ಎರಡು ದಿನದಲ್ಲಿ ಪುಷ್ಪಳನ್ನು ಪತ್ತೆ ಮಾಡಿಕೊಟ್ಟ. ಅವಳು ದೂರವೇನೂ ಹೋಗಿರಲಿಲ್ಲ. ಪಕ್ಕದ ಕೋರಮಂಡಲ್ ಬಡಾವಣೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು.

"ವಾಂಗ ಟೀಚರ್, ವಾಂಗ," ಎಂದು ಪುಷ್ಪ ಎದ್ದು ಬಂದು ಕೈ ಹಿಡಿದು ಒಳಗೆ ಕರೆದುಕೊಂಡಳು. ದುಂಡು ಮುಖದ, ಬಾಯಿ ತುಂಬ ಮಾತಿನ ಹೆಂಗಸಾಗಿದ್ದಳು. ಪಿಯುಸಿವರೆಗೆ ಓದಿದ್ದಳು. ಮಗಳು ಸಹನ ಈಗ ಅಂಗನವಾಡಿಗೆ ಹೋಗುತ್ತಾಳೆ ಎಂದು ತಾನೇ ಮುಂದಾಗಿ ಹೇಳಿದಳು. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಆಶಾರಾಣಿ, "ನಿಮ್ಮ ಅಕ್ಕ?" ಎಂದು ಕೇಳಿದಳು. ವರಲಕ್ಷ್ಮಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು.

"ಅಕ್ಕ ಬಂಗಾರಪೇಟೆ ಸ್ಟೇಷನ್ನಲ್ಲೇ ಇರೋದು. ನೀವು ದಿನಾ ಅಲ್ಲೇ ಅಲ್ವಾ ಗಾಡಿ ಹತ್ತೋದು?"

"ಸ್ಟೇಸನ್ನಲ್ಲಿ ಏನ್ ಮಾಡ್ತಾಳವ್ವ?" ವರಲಕ್ಷ್ಮಮ್ಮನ ದನಿ ಸಣ್ಣದಾಗಿತ್ತು.

"ಲೈನ್ ಮೇಲೆ ಕೆಲಸ. ಬಿಸಿಲು ಮಳೆ ಏನೂ ನೋಡೋ ಹಾಗಿಲ್ಲ ಪಾಪ," ಎನ್ನುವಷ್ಟರಲ್ಲಿ ಬ್ಲೌಸ್ ಕೊಡಲು ಇಬ್ಬರು ಹೆಂಗಸರು ಬಂದರು. ಪುಷ್ಪ ಅಕ್ಕನ ಫೋನ್ ನಂಬರು ಬರೆದುಕೊಟ್ಟು ಅಳತೆ ತೆಗೆಯಲು ಎದ್ದಳು.

ವಾಪಸು ಬರುವಾಗ ವರಲಕ್ಷ್ಮಮ್ಮ ಹಳಿಯ ಪಕ್ಕ ಎಲ್ಲಿ ಹೆಂಗಸರು ಜಲ್ಲಿ ಎಳೆಯುವುದು ಕಂಡರೂ ಕಿಟಕಿಗೆ ಮುಖ ಒತ್ತಿ ನೋಡಿದರು. ಮನೆಗೆ ಹೋದ ಮೇಲೆ ಸರಿಯಾಗಿ ಊಟ ಮಾಡಲಿಲ್ಲ. ನಾಳೆ ನನಗೆ ಬರಲಾಗುವುದಿಲ್ಲ, ನೀನೇ ಹೋಗಿ ಬಾ ಎಂದು ಆಶಾರಾಣಿಗೆ ಫೋನಿನಲ್ಲಿ ಹೇಳಿದರು. ಬೆಳಗ್ಗೆ ಮಾತ್ರ ಎದ್ದು, ಸ್ನಾನ ಮಾಡಿ, ಸುಧಾಕರನ ಬೈಕಿನ ಹಿಂದೆ ಕೂತು ಸ್ಟೇಷನ್ನಿಗೆ ಬಂದೇಬಿಟ್ಟರು.

ಪ್ಲಾಟ್‌ಫಾರಂ ಮುಗಿದು ಹಳಿಗಳು ಕವಲೊಡೆಯುವ ಜಾಗದಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಒಬ್ಬ ಹೆಂಗಸು ಮಂಡಿಯೂರಿ ಕೂತಿದ್ದಳು. ಹಳಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುವ ಯಂತ್ರದ ಮುಚ್ಚಳ ತೆಗೆದು, ಒಳಗಿನ ತಂತಿಗಳನ್ನು ಮೀಟರ್ ಹಿಡಿದು ಪರೀಕ್ಷಿಸುತ್ತಿದ್ದಳು. ಇಬ್ಬರು ಗಂಡಸರು ಪಕ್ಕದಲ್ಲಿ ನಿಂತು ಅವಳು ಹೇಳಿದ ಸಾಮಾನು ಎತ್ತಿಕೊಡುತ್ತಿದ್ದರು. ಕೆಲಸ ಮುಗಿದ ಮೇಲೆ ಅವಳು ವಾಕಿಟಾಕಿಯಲ್ಲಿ ಏನೋ ಹೇಳಿದಳು. ಹಳಿ ಸರಕ್ಕನೆ ಸರಿದು ಕೂತಿತು. ಅವಳು ಎದ್ದು, ಕೈ ಒರೆಸಿಕೊಂಡು, ತಿರುಗಿದಳು.

ಕನಕ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದಳು. ವರಲಕ್ಷ್ಮಮ್ಮ ನಿವೃತ್ತಿಗೆ ಮುಂಚಿನ ಮೂರು ವರ್ಷ ಹತ್ತಿ ಇಳಿದ ಗಾಡಿಗಳೆಲ್ಲ ಅವಳು ನೋಡಿಕೊಳ್ಳುತ್ತಿದ್ದ ಸಿಗ್ನಲ್ ದಾಟಿಯೇ ಹೋಗಿದ್ದವು.

"ನೀಂಗಳಾ ಟೀಚರ್?" ಎಂದಳು ಕನಕ. ಆಮೇಲೆ ಕನ್ನಡಕ್ಕೆ ಬಂದಳು. "ಪುಷ್ಪ ರಾತ್ರಿ ಫೋನ್ ಮಾಡಿದ್ಲು. ನೀವು ಬರ್ತೀರಾ ಅಂತ ನಾನು ನಂಬಲಿಲ್ಲ."

ವರಲಕ್ಷ್ಮಮ್ಮ ಅವಳ ಜಾಕೆಟ್ಟನ್ನು, ಕೊರಳಿನ ಗುರುತಿನ ಚೀಟಿಯನ್ನು, ಮಸಿ ಹತ್ತಿದ ಕೈಗಳನ್ನು ನೋಡಿದರು. "ಊಟ ಆತಾ?" ಎಂದರು.

ಮೂವರೂ ಸಿಗ್ನಲ್ ವಿಭಾಗದ ಕೋಣೆಯ ಮುಂದಿನ ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಕೂತರು. ಕನಕ ಕ್ಯಾಂಟೀನಿನಿಂದ ಇಡ್ಲಿ ತರಿಸಿದಳು. ಆಶಾರಾಣಿ ಟ್ಯಾಬ್ಲೆಟ್ ತೆರೆದಳು. ಅಂಗನವಾಡಿಗೆ ಹೋಗಿದ್ದಿರಾ? ಇಲ್ಲ. ಎಷ್ಟು ಓದಿದ್ದೀರಿ? ಹತ್ತನೆಯ ತರಗತಿ, ಆಮೇಲೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಆಶಾರಾಣಿ ಬೆರಳು ನಿಲ್ಲಿಸಿ ತಲೆ ಎತ್ತಿದಳು. ಪಟ್ಟಿಯಲ್ಲಿದ್ದ ಹೋಗದವರ ಪೈಕಿ ಇಷ್ಟು ಓದಿದವರು ಇದುವರೆಗೆ ಒಬ್ಬರೂ ಸಿಕ್ಕಿರಲಿಲ್ಲ. ಹೋಗಿದ್ದ ತಂಗಿಗಿಂತ ಹೋಗದ ಅಕ್ಕ ಜಾಸ್ತಿ ಓದಿದ್ದಳು.

"ನಿನ್ನ ಸ್ಕೂಲಿಗೆ ಯಾರು ಸೇರ್ಸುದ್ರು?" ಎಂದು ಕೇಳಿದವರು ವರಲಕ್ಷ್ಮಮ್ಮ.

ಕನಕ ತಟ್ಟೆ ಕೆಳಗಿಟ್ಟಳು. "ನೀವೇ ಟೀಚರ್."

"ನಾನಾ? ನಾನ್ಯಾವಾಗ ಸೇರ್ಸುದ್ನವ್ವ?"

"ನೀವು ಸೇರಿಸಲಿಲ್ಲ. ನಾನು ಹಂಗಂತ ಹೇಳ್ದೆ."

ಅವಳು ಹೇಳಿದ್ದು ಇಷ್ಟು. ಬಾಗಿಲು ಹಾಕಿದ ದಿನ ಅವಳು ಕಿಟಕಿಯ ಹತ್ತಿರ ನಿಂತು ಅತ್ತಳು. ಎರಡನೆಯ ದಿನ ಮನೆಗೆ ಹೋದಳು. ನೀರು ತಂದಳು, ಅನ್ನ ಮಾಡಿಟ್ಟಳು, ಹನ್ನೊಂದು ಗಂಟೆಗೆ ಕೆಲಸವೆಲ್ಲ ಮುಗಿದುಹೋಯಿತು. ಸೊಂಟದ ಮೇಲೆ ಯಾರೂ ಇರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಎರಡು ಕೈಯೂ ಖಾಲಿ. ಏನು ಮಾಡಬೇಕೋ ಗೊತ್ತಾಗದೆ ಲೈನಿನಲ್ಲಿ ಅಡ್ಡಾಡಿದಳು. ಅಡ್ಡಾಡುತ್ತ ಶಾಲೆಯ ಗೇಟಿನ ಹತ್ತಿರ ಬಂದಳು. ಮಕ್ಕಳು ಮಗ್ಗಿ ಹೇಳುತ್ತಿದ್ದರು. ಮಾರನೆಯ ದಿನ ಪುಷ್ಪಳನ್ನು ಬಿಟ್ಟು ನೇರವಾಗಿ ಅಲ್ಲಿಗೇ ಹೋದಳು. ಹೆಡ್‌ಮಾಸ್ಟರು, "ಯಾರಮ್ಮ ನಿನ್ನ ಕಳಿಸಿದ್ದು? ಅಪ್ಪ ಅಮ್ಮ ಎಲ್ಲಿ?" ಎಂದು ಕೇಳಿದರು.

"ಅಂಗನವಾಡಿ ಟೀಚರ್ ಕಳಿಸಿದ್ರು ಅಂದೆ," ಎಂದಳು ಕನಕ. "ಅವರು ನಿಮ್ಮ ಹೆಸರು ಬರ್ಕೊಂಡು ಎರಡನೇ ಕ್ಲಾಸಲ್ಲಿ ಕೂರಿಸಿದ್ರು. ಅಪ್ಪನಿಗೆ ಗೊತ್ತಾಗಿದ್ದು ನಾಲ್ಕು ತಿಂಗಳಾದ ಮೇಲೆ. ಬೈದರು, ಆದ್ರೆ ಅಂಗನವಾಡಿ ಟೀಚರೇ ಸೇರಿಸಿದ್ದು ಅಂದ ಮೇಲೆ ಸುಮ್ಮನಾದರು. ಸರ್ಕಾರದ ಆರ್ಡರ್ ಏನೋ ಅಂದ್ಕೊಂಡ್ರು."

ಆಶಾರಾಣಿ ನಗುತ್ತಿದ್ದಳು. ವರಲಕ್ಷ್ಮಮ್ಮನಿಗೆ ನಗು ಬರಲಿಲ್ಲ. ಹಿಂದೆ ಯಾವತ್ತೋ ಆ ಹೆಡ್‌ಮಾಸ್ಟರು ರಸ್ತೆಯಲ್ಲಿ ಸಿಕ್ಕಿ, ನೀವು ಕಳಿಸಿದ ಹುಡುಗಿ ಲೆಕ್ಕದಲ್ಲಿ ಬಲು ಚುರುಕು ಎಂದಿದ್ದರು. ಒಂದನೆಯ ತರಗತಿಗೆ ಹೋದ ತಮ್ಮ ಕೇಂದ್ರದ ಮಕ್ಕಳಲ್ಲಿ ಯಾರೋ ಇರಬೇಕು ಎಂದುಕೊಂಡು ಇವರು ತಲೆಯಾಡಿಸಿ ಮುಂದೆ ಹೋಗಿದ್ದರು.

"ಮತ್ತೆ ಸಾಯಂಕಾಲ ಲೇಟಾಗಿ ಬತ್ತಿದ್ದೆಯಲ್ಲ?" ಎಂದರು. "ನಾಲ್ಕಕ್ಕೆ ಎಲ್ಲರೂ ಓದ್ಮೇಲೆ ಪುಷ್ಪ ಒಬ್ಬಳೇ ಉಳಿಯೋಳು. ನೀನು ಬರೋದು ನಾಲ್ಕೂವರೆ ದಾಟಿ. ಅಷ್ಟ್ರಲ್ಲಿ ನನ್ನ ಗಾಡಿ ಓಗ್ಬಿಡೋದು. ಎಲ್ಲಿ ಆಟ ಆಡ್ತಿದ್ದೆ ಅಂತ ದಿನಾ ಬೈತಿದ್ನಲ್ಲ ನಿನ್ನ."

"ಸ್ಕೂಲು ಬಿಡ್ತಿದ್ದದ್ದು ನಾಲ್ಕೂವರೆಗೆ ಟೀಚರ್. ಅಲ್ಲಿಂದ ಓಡ್ಕೊಂಡು ಬರ್ತಿದ್ದೆ. ಸ್ಲೇಟು ಅಲ್ಲೇ ಬಿಟ್ಟು ಬರ್ತಿದ್ದೆ, ನಿಮಗೆ ಕಾಣಬಾರದು ಅಂತ."

"ಯೋಳಬಾರದಾ ಮತ್ತೆ?"

"ನಿಮ್ಮ ಹೆಸರಲ್ಲಿ ಸುಳ್ಳು ಹೇಳಿದ್ದೆ. ನಿಮಗೆ ಗೊತ್ತಾದ್ರೆ ಸ್ಕೂಲಿಂದ ಬಿಡಿಸ್ತೀರಾ ಅಂತ ಭಯ." ಕನಕ ಬೆರಳಿನ ಮಸಿಯನ್ನು ಉಜ್ಜಿಕೊಂಡಳು. "ನೀವು ಬೈತಿದ್ರಿ, ಆದ್ರೆ ಒಂದು ದಿನವೂ ಪುಷ್ಪನ್ನ ಆಚೆ ಕೂರಿಸಿ ಬಾಗಿಲು ಹಾಕ್ಕೊಂಡು ಹೋಗಲಿಲ್ಲ. ಮಡಿಲಲ್ಲಿ ಕೂರಿಸ್ಕೊಂಡು ಕಾಯ್ತಿದ್ರಿ. ಒಂದು ಸಲ ಹೋಗಿಬಿಟ್ಟಿದ್ರೆ ಅಮ್ಮ ಮಾರನೇ ದಿನದಿಂದ ನನ್ನ ಮನೇಲಿ ಇರಿಸ್ತಿದ್ರು. ಆಗ ಎಲ್ಲಾ ಮುಗೀತಿತ್ತು."

ವರಲಕ್ಷ್ಮಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎರಡೂವರೆ ವರ್ಷ, ದಿನಕ್ಕೆ ಅರ್ಧ ಗಂಟೆ. ಆಗ ಮನೆಗೆ ಹೋಗುವಷ್ಟರಲ್ಲಿ ಕತ್ತಲಾಗುತ್ತಿತ್ತು, ಸುಧಾಕರ್ ಹಸಿದು ಅಳುತ್ತಿದ್ದ, ಅತ್ತೆ ಗೊಣಗುತ್ತಿದ್ದರು. ಆ ಹುಡುಗಿಯ ಮೇಲಿನ ಸಿಟ್ಟಿನಲ್ಲಿ ರಾಗಿ ಮುದ್ದೆಯ ಕೋಲನ್ನು ಪಾತ್ರೆಗೆ ಬಡಿದದ್ದೂ ಉಂಟು.

"ಬಾಗ್ಲು ಆಕಿದ್ದು ತಪ್ಪು ಕಣವ್ವ," ಎಂದರು ಕೊನೆಗೆ. "ಕೈ ಇಡ್ಕಂಡು ನಾನೇ ಕರ್ಕಂಡು ಓಗ್ಬೇಕಾಗಿತ್ತು."

"ಹೌದು ಟೀಚರ್," ಎಂದಳು ಕನಕ. "ಆ ದಿನ ನನಗೆ ತುಂಬಾ ಬೇಜಾರಾಗಿತ್ತು." ತಟ್ಟೆಯನ್ನು ಅವರ ಕಡೆ ಸರಿಸಿ, "ಇಡ್ಲಿ ತಿನ್ನಿ, ಆರಿಹೋಗ್ತದೆ," ಎಂದಳು.

ಆಮೇಲಿನದನ್ನು ಅವಳು ಬೇಗ ಬೇಗ ಹೇಳಿ ಮುಗಿಸಿದಳು. ಗಣಿ ಮುಚ್ಚಿದಾಗ ಅಪ್ಪ ಶಾಲೆ ಬಿಡಿಸಲು ನೋಡಿದ್ದು, ಬಂಗಾರಪೇಟೆಯ ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿದ್ದು, ರೈಲ್ವೆ ಪರೀಕ್ಷೆಯಲ್ಲಿ ಒಂದು ಸಲ ಫೇಲಾಗಿ ಎರಡನೆಯ ಸಲ ಪಾಸಾದದ್ದು, ಮೊದಲು ಬೇರೆ ಕಡೆ ಕೆಲಸ ಮಾಡಿ ಐದು ವರ್ಷದ ಹಿಂದೆ ಇಲ್ಲಿಗೆ ಬಂದದ್ದು. ಅಪ್ಪ ಎದೆಯ ಕಾಯಿಲೆಯಿಂದ ತೀರಿಹೋಗಿದ್ದರು. ಅಮ್ಮ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಅವಳ ಜೊತೆಗಿದ್ದರು. ಅಷ್ಟರಲ್ಲಿ ವಾಕಿಟಾಕಿ ಕರೆಯಿತು. ಅವಳು ಜಾಕೆಟ್ ಸರಿಮಾಡಿಕೊಂಡು ಎದ್ದು, ಭಾನುವಾರ ಮನೆಗೆ ಊಟಕ್ಕೆ ಬರಲೇಬೇಕು ಎಂದು ಮಾತು ತೆಗೆದುಕೊಂಡು ಹೋದಳು.

ಆಶಾರಾಣಿ ಟ್ಯಾಬ್ಲೆಟ್ಟನ್ನೇ ನೋಡುತ್ತಿದ್ದಳು. ಪರದೆಯಲ್ಲಿ ಕನಕಮ್ಮ ಎಂಬ ಹೆಸರಿನ ಮುಂದೆ 'ಹೋಗಿಲ್ಲ' ಎಂದಿತ್ತು.

"ಇದು ಕಷ್ಟ ಅಮ್ಮ," ಎಂದಳು. "ಇವರು ಅಂಗನವಾಡಿಗೆ ಹೋಗಿಲ್ಲ. ಆದರೂ ಚೆನ್ನಾಗಿ ಓದಿದ್ದಾರೆ. ಹಾಗಾದ್ರೆ ಅಂಗನವಾಡಿಯಿಂದ ಏನೂ ವ್ಯತ್ಯಾಸ ಆಗಲಿಲ್ಲ ಅಂತ ನಮ್ಮ ಲೆಕ್ಕ ಹೇಳತ್ತೆ."

"ಅದೆಂಗಾಗ್ತದೆ? ಪುಷ್ಪ ಒಳಗಡೆ ಕುಂತಿದ್ಕೇ ತಾನೆ ಇವಳ ಕೈ ಖಾಲಿ ಆಗಿದ್ದು?"

"ಗೊತ್ತು ಅಮ್ಮ. ಆದರೆ ಅದನ್ನ ಬರೆಯೋಕೆ ಇಲ್ಲಿ ಜಾಗ ಇಲ್ಲ."

"ಜಾಗ ಇಲ್ದಿದ್ರೆ ಮಾಡ್ಬೇಕು ಕಣಮ್ಮ. ನಿಮ್ಮ ಸಾರ್ ಅವ್ರಿಗೆ ಫೋನ್ ಮಾಡು. ನೀನು ಯೋಳ್ದಿದ್ರೆ ನಾನೇ ಯೋಳ್ತೀನಿ."

ಆಶಾರಾಣಿ ಫೋನ್ ಮಾಡಿದಳು. ಪ್ರೊಫೆಸರ್ ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಅವರೇ ಪ್ರಶ್ನೆ ಕೇಳತೊಡಗಿದರು: ಇಂಥವರು ಇವಳೊಬ್ಬಳೇನಾ? ಉಳಿದ ಮನೆಗಳಲ್ಲಿ ಅಂಗನವಾಡಿಗೆ ಸೇರುವ ಮುಂಚೆ ಮಗುವನ್ನು ನೋಡಿಕೊಳ್ಳುತ್ತಿದ್ದವರು ಯಾರು, ಆಮೇಲೆ ಅವರು ಏನು ಮಾಡಿದರು? ಆಶಾರಾಣಿಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ. ಸಂಜೆಯೊಳಗೆ ಟ್ಯಾಬ್ಲೆಟ್ಟಿನಲ್ಲಿ ಎರಡು ಹೊಸ ಪ್ರಶ್ನೆಗಳು ಬಂದವು, ಅದರ ಹಿಂದೆಯೇ ಒಂದು ಸಂದೇಶವೂ ಬಂತು: ಮುಗಿದ ಮನೆಗಳಿಗೂ ಇನ್ನೊಂದು ಸಲ ಹೋಗಬೇಕು.

"ಅಯ್ಯೋ, ಎಲ್ಲಾ ತಿರುಗಿ ನಡೀಬೇಕಾ?" ಎಂದರು ವರಲಕ್ಷ್ಮಮ್ಮ, ಮೊಣಕಾಲು ಒತ್ತಿಕೊಳ್ಳುತ್ತ.

"ನಿಮಗೆ ಕಷ್ಟ ಆದ್ರೆ ನಾನೊಬ್ಬಳೇ ಹೋಗ್ತೀನಿ."

"ನೀನೊಬ್ಬಳೇ ಓದ್ರೆ ಬಾಗ್ಲು ತೆಗೀತಾರಾ? ಸುಮ್ಕಿರು."

ಹಾಗೆ ಅವರು ಅದೇ ಬಾಗಿಲುಗಳನ್ನು ಎರಡನೆಯ ಸಲ ತಟ್ಟಿದರು. ನಡುವೆ ಒಂದು ಭಾನುವಾರ ಕನಕಳ ಮನೆಯಲ್ಲಿ ಊಟವಾಯಿತು. ಪುಷ್ಪ ಮಗಳನ್ನು ಕರೆದುಕೊಂಡು ಬಂದಿದ್ದಳು. ಅಕ್ಕ ತಂಗಿ ಟೀಚರನ್ನು ನಡುವೆ ಕೂರಿಸಿಕೊಂಡು ಬಡಿಸಿದರು. ಅವರ ತಾಯಿಗೆ ಮಗಳ ಸುಳ್ಳಿನ ಕಥೆ ಅವತ್ತೇ ಮೊದಲು ಗೊತ್ತಾಗಿದ್ದು. ಮುದುಕಿ ತಮಿಳಿನಲ್ಲಿ ಕನಕಳನ್ನು ಒಂದಿಷ್ಟು ಬೈದು, ವರಲಕ್ಷ್ಮಮ್ಮನ ಎಲೆಗೆ ಇನ್ನೊಂದು ಸಲ ಪಾಯಸ ಹಾಕಿದಳು.

ಜುಲೈ ಮುಗಿಯುವ ಹೊತ್ತಿಗೆ ಅರವತ್ತೆರಡರಲ್ಲಿ ಐವತ್ತಮೂರು ಮನೆ ಸಿಕ್ಕಿದವು. ಅವುಗಳಲ್ಲಿ ಇಪ್ಪತ್ತೊಂದು ಮನೆಯಲ್ಲಿ ಚಿಕ್ಕದನ್ನು ನೋಡಿಕೊಳ್ಳುತ್ತಿದ್ದವಳು ಅಕ್ಕ. ತಮ್ಮನೋ ತಂಗಿಯೋ ಅಂಗನವಾಡಿಗೆ ಸೇರಿದ ಮೇಲೆ ಒಂಬತ್ತು ಹುಡುಗಿಯರು ಶಾಲೆಗೆ ಹೋಗಿದ್ದರು. ಹನ್ನೆರಡು ಮಂದಿ ಹೋಗಿರಲಿಲ್ಲ. ಆ ಹನ್ನೆರಡು ಹೆಸರನ್ನು ವರಲಕ್ಷ್ಮಮ್ಮ ತಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡರು.

ಅವರಲ್ಲಿ ಒಬ್ಬಳು ಶ್ಯಾಮಲಾ. ನಂದಿದುರ್ಗ ಗಣಿಯ ಲೈನಿಗೆ ಮದುವೆಯಾಗಿ ಹೋಗಿದ್ದವಳು. ಅವಳ ತಮ್ಮನೇ ಆ ಪೊಲೀಸ್ ಕಾನ್‌ಸ್ಟೇಬಲ್. ಇವರು ಹೋದಾಗ ಅವಳು ಅಂಗಳದಲ್ಲಿ ಅಗರಬತ್ತಿ ಹೊಸೆಯುತ್ತಿದ್ದಳು. ತಮ್ಮನ ಬಗ್ಗೆ ಕೇಳಲು ಬಂದಿದ್ದಾರೆಂದು ತಿಳಿದು, ಅವನು ಈಗ ಡ್ಯೂಟಿಯಲ್ಲಿರುತ್ತಾನೆ, ಸಂಜೆ ಅವನ ಮನೆಗೆ ಹೋಗಿ ಎಂದಳು.

"ಅವನನ್ನ ಕೇಳಾಯ್ತು ಅಕ್ಕ," ಎಂದಳು ಆಶಾರಾಣಿ. "ಇವತ್ತು ಬಂದಿರೋದು ನಿಮ್ಮನ್ನ ಕೇಳೋಕೆ."

ಶ್ಯಾಮಲಾ ಕಪ್ಪಾದ ಅಂಗೈಗಳನ್ನು ನೋಡಿಕೊಂಡಳು. "ನನ್ನ ಏನು ಕೇಳ್ತೀರಾ? ನಾನು ಓದೇ ಇಲ್ಲ. ಅವನನ್ನ ಈ ಟೀಚರ್ ಹತ್ರ ಬಿಟ್ಟು ನಾನು ಅಮ್ಮನ ಜೊತೆ ಇಟ್ಟಿಗೆ ಗೂಡಿಗೆ ಹೋಗ್ತಿದ್ದೆ."

"ಅದನ್ನೇ ಕೇಳಾಕೆ ಬಂದಿರೋದು," ಎಂದರು ವರಲಕ್ಷ್ಮಮ್ಮ. ಜಗುಲಿಯ ಮೇಲೆ ಕೂತು, ಅವಳ ಮುಂದಿದ್ದ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡು ಒಂದು ಕಡ್ಡಿ ತೆಗೆದುಕೊಂಡರು. "ನೀನು ಯೋಳ್ತಾ ಇರು. ಎಂಗೆ ಹೊಸೀಬೇಕು ಅಂತ ಮೊದ್ಲು ತೋರ್ಸು."

ಶ್ಯಾಮಲಾ ಸರಿದು ಅವರ ಪಕ್ಕ ಬಂದು ಕೂತಳು. ಕಡ್ಡಿಯನ್ನು ಹಿಡಿಯುವ ಬಗೆ ತೋರಿಸುತ್ತ, ಗೂಡಿನಲ್ಲಿ ಮೊದಲ ದಿನ ಎಷ್ಟು ಇಟ್ಟಿಗೆ ಹೊತ್ತೆ ಎಂಬಲ್ಲಿಂದ ಶುರುಮಾಡಿದಳು. ಆಶಾರಾಣಿ ಟ್ಯಾಬ್ಲೆಟ್ಟನ್ನು ಚೀಲದೊಳಗಿಟ್ಟು, ಪೆನ್ನು ಹಾಳೆ ತೆಗೆದುಕೊಂಡಳು.